ಅಪ್ಪನ ಅಂಗೈ ಆರಿಸಿದ ಹೆಡ್‌ಫೋನು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಯಂತ್ರದ ಮಗ್ಗುಲಲ್ಲೇ ನಿಂತು ದುಡಿದು ನನ್ನನ್ನು ಓದಿಸಿದ. ಆ ಗದ್ದಲಕ್ಕೆ ಅವನ ಕಿವಿ ಮುಕ್ಕಾಲು ಹೋಗಿತ್ತು.

ಎಂಬತ್ತರ ದಶಕದಲ್ಲಿ ನನಗೆ ಕುರುಗೋಡಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಬಾಡಿಗೆ ಕೋಣೆಯಲ್ಲಿ ಅಂಗೈಯಗಲದ ಒಂದು ಟೇಪು, ಹಾಸ್ಟೆಲ್ ಗೆಳೆಯ ತುಂಬಿಸಿಕೊಟ್ಟ ಒಂದು ಕ್ಯಾಸೆಟ್. ಅದರಲ್ಲಿ ಹಾಡುವವರೇ ಇಲ್ಲ. ಯಂತ್ರದ ಡ್ರಮ್ಮು, ಯಂತ್ರದ ಕೀಬೋರ್ಡು. ಕುಣಿಸುವುದೊಂದೇ ಅದರ ಕೆಲಸ. ಹಾಸ್ಟೆಲ್ಲಿನ ದೊಡ್ಡ ಸ್ಪೀಕರಿನಲ್ಲಿ ಆ ಡ್ರಮ್ಮು ಎದೆಗೇ ಬಂದು ಬಡಿದಿತ್ತು. ಟೇಪಿನ ಜೊತೆ ಬಂದ ಹೆಡ್‌ಫೋನಿನಲ್ಲಿ ಅದೇ ಡ್ರಮ್ಮು ಡಬ್ಬಿಯೊಳಗೆ ಕಡಲೆಕಾಳು ಅಲ್ಲಾಡಿಸಿದಂತೆ ಕೇಳುತ್ತಿತ್ತು. ಆ ಬಡಿತ ನನಗೆ ಮತ್ತೆ ಬೇಕಿತ್ತು.

ಮೊದಲ ಸಂಬಳ ಬಂದ ವಾರವೇ ಟೇಪು, ಕ್ಯಾಸೆಟ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊಸ ಹೆಡ್‌ಫೋನು ಕೊಳ್ಳಲು ಬಳ್ಳಾರಿಗೆ ಹೊರಟೆ. ದುಡಿಮೆಯ ಮೊದಲ ವಸ್ತುವನ್ನು ಹಿರಿಯರ ಕೈಯಿಂದ ಮುಟ್ಟಿಸಿಯೇ ತರಬೇಕೆಂಬುದು ನಮ್ಮ ಮನೆಯ ರೂಢಿ. ಹಾಗಾಗಿ ಅಪ್ಪನೂ ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದ.

ಅಂಗಡಿಯಲ್ಲಿದ್ದದ್ದು ಎರಡೇ ಹೆಡ್‌ಫೋನು. ಒಂದು ತೆಳ್ಳಗೆ, ಹೊಳೆಯುವ ಪಟ್ಟಿ, ಕಿತ್ತಳೆ ಬಣ್ಣದ ಸ್ಪಂಜು. ಇನ್ನೊಂದು ಕಿವಿಯನ್ನೆಲ್ಲ ಮುಚ್ಚುವ ಕರಿ ಬಟ್ಟಲುಗಳ ದಡೂತಿ. ಅಂಗಡಿಯವನು ತನ್ನದೊಂದು ಭಜನೆ ಕ್ಯಾಸೆಟ್ ಹಾಕಿ ಎರಡನ್ನೂ ಕೇಳಿಸಿದ. ತೆಳ್ಳನೆಯದರಲ್ಲಿ ತಾಳದ ಕಿಣಿಕಿಣಿ, ಹಾಡುವವನ ಉಸಿರು ಎಲ್ಲ ಸ್ವಚ್ಛ. ದಡೂತಿಯಲ್ಲಿ ಭಜನೆ ಕಂಬಳಿ ಹೊದ್ದು ಕೂತಂತಿತ್ತು.

"ಇದನ್ನ ಕೊಡ್ರಿ," ಎಂದು ತೆಳ್ಳನೆಯದನ್ನು ಎತ್ತಿಕೊಂಡೆ.

"ಒಮ್ಮಿ ಒಯ್ದ್ರ ವಾಪಸ್ ತಗಳಂಗಿಲ್ರಿ ಸರ."

ಮುಟ್ಟಿಸಲೆಂದು ಅಪ್ಪನ ಕೈಗೆ ಕೊಟ್ಟೆ. ಅವನು ತಿರುಗಿಸಿ ನೋಡಿ, "ನಿಂದು ಕ್ಯಾಸೆಟ್ ಹಾಕಲೇ," ಎಂದ. ಹಾಕಿದೆ. ಅಪ್ಪ ಸ್ಪಂಜನ್ನು ಅಂಗೈಗೆ ಒತ್ತಿ ಹಿಡಿದ.

ಅಂಗಡಿಯವನು ನಕ್ಕ. "ಯಜಮಾನ್ರ, ಅದು ಕಿವಿಗೆ ಹಾಕ್ಕೊಳ್ಳೋದ್ರಿ."

"ಕಿವಿ ಗಿರಣಿಗೆ ಕೊಟ್ಟು ಬಂದೀನಪ್ಪ. ಕೈ ಇನ್ನೂ ನಂದ ಐತಿ."

ಗಿರಣಿಯಲ್ಲಿ ಯಾವ ಬೇರಿಂಗು ಸವೆದಿದೆ ಎಂಬುದನ್ನು ಅಪ್ಪ ಯಂತ್ರದ ಮೈಗೆ ಅಂಗೈ ಇಟ್ಟೇ ಹೇಳುತ್ತಿದ್ದ. ಈಗ ದಡೂತಿಯ ಬಟ್ಟಲನ್ನು ಹಾಗೆಯೇ ಹಿಡಿದ. ಅವನ ಹುಬ್ಬು ಮೇಲೇರಿತು.

"ಲೇ, ಅದರಾಗ ಜೀವಾನ ಇಲ್ಲ. ಇದು ನೋಡು, ಬಡೀತೈತಿ."

ನನಗೆ ನಾಚಿಕೆಯಾಯಿತು. ಡಿಗ್ರಿ ಮಾಡಿದವನು ಭಜನೆ ಕೇಳಿ ಡ್ರಮ್ಮಿನ ಹೆಡ್‌ಫೋನು ಆರಿಸಲು ಹೊರಟಿದ್ದೆ! ದಡೂತಿಯನ್ನು ತಲೆಗೇರಿಸಿದೆ. ಧಪ್, ಧಪ್, ಧಪ್. ಹಾಸ್ಟೆಲ್ಲಿನ ಆ ಬಡಿತವೇ, ಅದಕ್ಕಿಂತಲೂ ಹತ್ತಿರ. ಮೇಷ್ಟ್ರೆಂಬುದನ್ನೂ ಮರೆತು ಕೌಂಟರಿನ ಮುಂದೆ ಕಾಲು ಕುಣಿಸಿದೆ.

ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಒಂದು ಬಟ್ಟಲು ನನ್ನ ಕಿವಿಗೆ, ಇನ್ನೊಂದು ಅಪ್ಪನ ಅಂಗೈಗೆ. ಸ್ವಲ್ಪ ಹೊತ್ತಿಗೆ ಅವನು ಬೆರಳು ಮಡಿಸಿ ಎಣಿಸತೊಡಗಿದ.

"ಎಂಟು ಏಟಿಗೊಮ್ಮಿ ಒಂದು ಸಣ್ಣ ಏಟು ಹೆಚ್ಚಿಗಿ ಬೀಳತೈತಿ. ಗೊತ್ತೈತೇನು?"

ಗೊತ್ತಿರಲಿಲ್ಲ. ಅಷ್ಟು ಸಲ ಕೇಳಿದ್ದ ನನಗೇ ಗೊತ್ತಿರಲಿಲ್ಲ. ಕಿವಿಗೊಟ್ಟೆ. ಹೌದು, ಇತ್ತು.

ಕುರುಗೋಡಿನ ಬಸ್ಸು ಬಂದು ನಿಂತಿತು. ನಾನು ಏಳಲು ಹೋದರೆ ಅಪ್ಪ ಬಟ್ಟಲು ಬಿಡಲಿಲ್ಲ.

"ಕುಂದ್ರಲೇ. ಇನ್ನೊಂದು ಬಸ್ಸು ಬರತೈತಿ. ಕ್ಯಾಸೆಟ್ಟಿನ ಆ ಕಡಿ ಮಗ್ಗಲಾಗ ಏನೈತಿ, ಅದನ್ನೂ ಹಾಕು."