ಕೊನೆಯ ದೋಣಿಯ ಸಾಲು

"ಅಮ್ಮ, ಲೂ ಅಜ್ಜ ಯಾಕೆ ಬಂದಾಗೆಲ್ಲ ಅದೇ ಪುಟ ಓದ್ತಾರೆ? ಅವರಿಗೆ ಸರಿಯಾಗಿ ಓದೋಕೆ ಬರಲ್ವಾ?"

ಪುಟಾಣಿ ಯೂತೊಂಗ್ ಕೇಳಿದ್ದು ಜೋರಾಗಿಯೇ. ತೈನಾನ್ ನಗರದ ಆ ಗ್ರಂಥಾಲಯದಲ್ಲಿ ಕಂಪ್ಯೂಟರುಗಳ ಮುಂದೆ ಕೂತಿದ್ದವರೆಲ್ಲ ತಿರುಗಿದರು. ಅವಳ ತಾಯಿ ಷಿನ್‌ರೂಗೆ ನಾಚಿಕೆಯಾಯಿತು. ಅಜ್ಜ ಮಾತ್ರ, "ನನ್ನ ತಲೆ ಹಳೇ ಇಂಜಿನ್ನು ಕಣಮ್ಮ, ನಿಧಾನಕ್ಕೆ ಹೋಗುತ್ತೆ," ಎಂದು ನಕ್ಕರು.

ಲೂ ಚಿನ್‌ಶುಯಿ ಪೆಂಗ್‌ಹು ದ್ವೀಪಸಮೂಹದ ಒಂದು ಪುಟ್ಟ ದ್ವೀಪಕ್ಕೆ ದೋಣಿ ನಡೆಸುತ್ತಿದ್ದವರು. ಅವರ ಮಗಳು ಪೇಶಾನ್ ಶನಿವಾರಗಳಂದು ಷಿನ್‌ರೂ ಜೊತೆ ಇಲ್ಲೇ ಕೂರುತ್ತಿದ್ದಳು. ಅಂತರಜಾಲದ ವಿಶ್ವಕೋಶದಲ್ಲಿ ತೈವಾನಿನ ಊರು, ದ್ವೀಪಗಳ ಪುಟಗಳನ್ನು ಬರೆದು ತಿದ್ದುವ ಬಳಗ ಅದು. ಸಂಬಳವಿಲ್ಲ, ಅನಾನಸ್ ಕೇಕು ಮಾತ್ರ. ಹೋದ ಚಳಿಗಾಲದಲ್ಲಿ ಪೇಶಾನ್ ಕಾಯಿಲೆಯಿಂದ ತೀರಿಕೊಂಡಳು. ಅವರ ದ್ವೀಪದ ಪುಟವನ್ನು ಶುರುಮಾಡಿದ್ದೇ ಅವಳು. ಆಮೇಲೆ ಬಂದವರು ಒಂದೊಂದೇ ವಾಕ್ಯವನ್ನು ತಿದ್ದಿ ಚೆಂದಗೊಳಿಸುತ್ತ ಹೋದರು. ಅವಳದೆಂದು ಈಗ ಉಳಿದಿದ್ದು ಒಂದೇ ಸಾಲು: "ಹತ್ತಬೇಕಾದವರು ಇನ್ನೂ ಬಂದಿರದಿದ್ದರೆ ಸಂಜೆಯ ಕೊನೆಯ ದೋಣಿ ಕಾಯುತ್ತದೆ."

ಪಕ್ಕದಲ್ಲಿ ಯಾರೋ "ಆಧಾರ ಬೇಕು" ಎಂದು ಗುರುತು ಹಾಕಿದ್ದರು. ಆಧಾರ ಸಿಗದ ಅಂಥ ಸಾಲುಗಳನ್ನು ತೆಗೆಯುವುದೇ ಈ ತಿಂಗಳು ಬಳಗದ ಕೆಲಸ. ಆ ದ್ವೀಪ ಷಿನ್‌ರೂ ಪಾಲಿಗೆ ಬಂದಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಅವಳು ಹಳೆಯ ಪತ್ರಿಕೆ, ಪ್ರವಾಸಿ ಪುಸ್ತಕಗಳನ್ನೆಲ್ಲ ಜಾಲಾಡಿದಳು. ದೋಣಿ ಹೊರಡುವ ವೇಳೆ ಸಿಕ್ಕಿತು. ಕಾಯುವ ವಿಷಯ ಸಿಗಲಿಲ್ಲ.

"ಎಲ್ಲೂ ಅಚ್ಚಾಗಿಲ್ಲ, ಅಜ್ಜ."

"ಕಾಯ್ತಿದ್ದೋನು ನಾನೇ ಅಲ್ವೇನಮ್ಮ? ಸ್ಕೂಲು ಮುಗಿಸಿ ಕೊನೇಲಿ ಓಡಿ ಬರ್ತಿದ್ದೋಳು ನಮ್ಮ ಪೇಶಾನ್. ಆಧಾರ ಅಂತ ನನ್ನ ಹೆಸರು ಹಾಕು."

"ಬಾಯಿಮಾತು ನಡೆಯಲ್ಲ ಅಜ್ಜ, ಎಲ್ಲಾದರೂ ಅಚ್ಚಾಗಿರಬೇಕು. ಹೊಸಬರಿಗೆ ಈ ನಿಯಮ ಹೇಳಿಕೊಡ್ತಿದ್ದೋಳು ಪೇಶಾನೇ."

"ಹೇಳಿಕೊಟ್ಟು ತಾನೇ ಮುರಿದಳಲ್ಲ, ಕಳ್ಳಿ!" ಅಜ್ಜ ನಗಲು ಹೋದರು, ಆಗಲಿಲ್ಲ.

ತೆಗೆದರೂ ಪುಟದ ಹಳೆಯ ಪ್ರತಿಗಳಲ್ಲಿ ಆ ಸಾಲು ಹಾಗೇ ಇರುತ್ತದೆಂದು ಷಿನ್‌ರೂ ತೆರೆದು ತೋರಿಸಿದಳು.

"ಅಲ್ಲಿವರೆಗೂ ಯಾರು ಹುಡುಕ್ಕೊಂಡು ಹೋಗ್ತಾರಮ್ಮ?"

ಯೂತೊಂಗ್ ತನ್ನ ಕೇಕಿನಲ್ಲಿ ಅರ್ಧ ಮುರಿದು ಅವರ ಕೈಗಿಟ್ಟಳು. ಅಜ್ಜ ಅದನ್ನು ಹಿಡಿದುಕೊಂಡೇ ಇದ್ದರು, ತಿನ್ನಲಿಲ್ಲ.

"ತೆಗಿ ತಾಯಿ. ಬೇರೆ ಯಾರಿಗೂ ಬಿಡಬೇಡ, ನೀನೇ ತೆಗಿ. ಆದ್ರೆ... ಇವತ್ತು ಸಂಜೆವರೆಗೂ ಕಾಯ್ತೀಯೇನಮ್ಮ?"