ಗಾಜಿನ ಮೇಲಿನ ವಿಭೂತಿ

ನನ್ನ ತಮ್ಮ ಓಬಳೇಶನಂಥ ಪೆದ್ದ ಈ ಹೊಳಲ್ಕೆರೆಯಲ್ಲಿ ಇನ್ನೊಬ್ಬನಿಲ್ಲ. ಎತ್ತಿ ಆಡಿಸಿದ ಅಕ್ಕ ನಾನು, ಹೇಳುವ ಹಕ್ಕಿದೆ, ಹೇಳುತ್ತೇನೆ. ಕೊಬ್ಬರಿ ವ್ಯಾಪಾರಿ ನಾಗರಾಜಪ್ಪನವರ ಕಾರನ್ನು ಹತ್ತೊಂಬತ್ತು ವರ್ಷ ಓಡಿಸಿದ. ಎರಡು ಕಾರು ಬದಲಾದವು, ಡ್ರೈವರ್ ಬದಲಾಗಲಿಲ್ಲ. ಒಂದು ಗೀರು ಬೀಳಿಸಿದವನಲ್ಲ. ನಾಗರಾಜಪ್ಪನವರ ಹೆಂಡತಿ ಅನ್ನಪೂರ್ಣಮ್ಮ ಮನೆಗೆ ಬಂದವರಿಗೆಲ್ಲ "ಇವ್ನು ನಮ್ಮ ಹಿರೇಮಗ" ಎಂದು ತೋರಿಸುತ್ತಿದ್ದರು. ಅವನು ನಂಬಿಬಿಟ್ಟ. ಸುಳ್ಳೇಕೆ, ನಾನೂ ನಂಬಿದ್ದೆ. ಹಬ್ಬ ಹುಣ್ಣಿಮೆ ಬಂದರೆ ಅವರ ಮನೆಗೆ ರೊಟ್ಟಿ ತಟ್ಟಲು ಹೋಗುತ್ತಿದ್ದವಳು ನಾನೇ.

ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕಾರು ನಮ್ಮ ಮನೆ ಮುಂದಿನ ಬೇವಿನ ನೆರಳಿಗೆ ಬರುತ್ತಿತ್ತು, ವೈಪರ್ ಬದಲಿಸಲು. ನಮ್ಮ ಕಡೆಯ ಬಿಸಿಲಿಗೆ ಅದರ ರಬ್ಬರು ವರ್ಷಕ್ಕೇ ಸೀಳಿ ಚಿಂದಿಯಾಗುತ್ತದೆ. ಅದೇನು ಮಹಾ ಕೆಲಸ ಅಂತೀರಾ? ಅವನಿಗೆ ಅದೊಂದು ಪೂಜೆ. ವೈಪರಿನ ಕಡ್ಡಿ ಎತ್ತುವಾಗಲೇ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸುತ್ತಿದ್ದ. "ಬ್ಲೇಡು ಬಿಚ್ಚಿದ್ ಮ್ಯಾಲೆ ಕಡ್ಡಿ ಬರೀ ಕಬ್ಬಿಣ ಕಣಕ್ಕ. ಒಳಗೆ ಸ್ಪ್ರಿಂಗ್ ಐತೆ. ಕೈ ಜಾರಿದ್ರೆ ಗಾಜು ಹೋತು" ಎನ್ನುತ್ತಿದ್ದ. ಹಳೆಯ ಬ್ಲೇಡಿನ ಕ್ಲಿಪ್ಪು ಒತ್ತಿ ಕೆಳಗೆಳೆದು ಬಿಡಿಸಿ, ಡ್ರೈವರ್ ಕಡೆಗೆ ಉದ್ದದ್ದು, ಆ ಕಡೆಗೆ ಗಿಡ್ಡದ್ದು, ಟಕ್ ಎನ್ನುವವರೆಗೆ ಕೂರಿಸಿ, ಕೂಸನ್ನು ಮಲಗಿಸುವಂತೆ ಕಡ್ಡಿಯನ್ನು ಇಳಿಸುತ್ತಿದ್ದ. ಒಂದು ಚೊಂಬು ನೀರು ಹೊಯ್ದು, ವೈಪರ್ ಆಡಿಸಿ ನೋಡಿದ ಮೇಲೇ ಊಟ.

ಈ ವರ್ಷ ಕಾರು ಬರಲಿಲ್ಲ. ಹೊಸ ಅಳಿಯ ಹಾಲೇಶ್ ಭಾನುವಾರ ಮಾವನ ಮನೆಯ ಅಂಗಳದಲ್ಲೇ ಫೋನಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಬದಲಿಸಿದ್ದ. ನಾಗರಾಜಪ್ಪನವರು ಅವತ್ತು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿದ್ದರು. ಸೋಮವಾರ ಕೆಲಸಕ್ಕೆ ಹೋದ ತಮ್ಮನಿಗೆ ಅನ್ನಪೂರ್ಣಮ್ಮನೇ ಇದನ್ನು ಹೇಳಿದರಂತೆ. ಅವನಿಗೆ ಬೇಜಾರಾಯಿತು. ಆದರೆ ಇನ್ನೊಂದು ನೋಡಿ ಆ ಬೇಜಾರೂ ಹೋಯಿತು.

ಸೋಮವಾರ ಸೋಮವಾರ ಕಾರಿನ ಗಾಜಿಗೆ ವಿಭೂತಿ ಹಚ್ಚುವುದು ಅವನ ಕೆಲಸ. ಅವತ್ತು ಅವನು ಹೋಗುವಷ್ಟರಲ್ಲಿ ಗಾಜಿನ ಕೆಳಗಡೆ, ವೈಪರ್ ಪಕ್ಕ, ಯಾರೋ ಮೂರು ಪಟ್ಟೆ ದಪ್ಪಗೆ ಬಳಿದು ಮೇಲೊಂದು ಬಿಲ್ವಪತ್ರೆ ಅಂಟಿಸಿದ್ದರು. "ಇವತ್ತು ನಾನೇ ಹಚ್ಚೀನಪ್ಪ. ಅಳಿಸಬ್ಯಾಡ, ಒಳ್ಳೇದಾಗ್ಲಿ" ಎಂದರಂತೆ ಅನ್ನಪೂರ್ಣಮ್ಮ. ಸಂಜೆ ಅದನ್ನು ನನಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು! ನಾಲ್ಕು ದಿನ ಅವನ ಒರೆಸುವ ಬಟ್ಟೆ ಆ ವಿಭೂತಿಯನ್ನು ಸುತ್ತಿಕೊಂಡೇ ಹೋಯಿತು. ತಾಯಿ ಹಚ್ಚಿದ್ದನ್ನು ಯಾರಾದರೂ ಅಳಿಸುತ್ತಾರೆಯೇ?

ಶುಕ್ರವಾರ ಎಲ್ಲರೂ ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೊರಟೆವು. ಮುಂದೆ ನಾಗರಾಜಪ್ಪನವರು, ನಡುವಿನ ಸೀಟಿನಲ್ಲಿ ಅನ್ನಪೂರ್ಣಮ್ಮ, ಮಗಳು, ಅಳಿಯ. ಹಿಂದೆ ಬುತ್ತಿಯ ಪಾತ್ರೆಗಳ ಜೊತೆ ನಾನು. ದಾರಿಯಲ್ಲಿ ರಪರಪನೆ ಮಳೆ ಶುರುವಾಯಿತು. ತಮ್ಮ ಒಂದು ಗಳಿಗೆ ತಡೆದು, ಆಮೇಲೆ ವೈಪರ್ ಹಾಕಿದ. ಪತ್ರೆ ಜಾರಿತು, ವಿಭೂತಿ ತೊಳೆದು ಹೋಯಿತು. ಅದರ ಕೆಳಗೆ ಗಾಜು ಒಡೆದಿತ್ತು. ಕಬ್ಬಿಣ ಬಡಿದ ಜಾಗದಿಂದ ಬಿರುಕು ನೋಡನೋಡುತ್ತ ಗೇಣುದ್ದ ಮೇಲೆ ಹತ್ತಿತು.

"ಇದೇನಲೇ ಓಬಳೇಶ?" ಎಂದರು ನಾಗರಾಜಪ್ಪನವರು.

ಅಳಿಯ ಹಿಂದಿನಿಂದ ಬಾಯಿ ಹಾಕಿದ: "ವೈಪರ್ ಹಾಕೋವಾಗ ಒಡೆದಿರ್ತಾನೆ ಮಾವ. ಕಾಣಬಾರ್ದು ಅಂತ ವಿಭೂತಿ ಬಳಿದವ್ನೆ."

ಥೂ ಇವನ! ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ತಮ್ಮ ಈ ಸಲ ವೈಪರ್ ಮುಟ್ಟೇ ಇಲ್ರಿ! ವಿಭೂತಿ ಹಚ್ಚಿದ್ದೂ ಅವನಲ್ಲ. ಅಮ್ಮಾರೆ, ನೀವಾದ್ರೂ ಹೇಳ್ರಿ!" ಎಂದು ಕೂಗಿದೆ.

ಅನ್ನಪೂರ್ಣಮ್ಮ ಕಿಟಕಿಯಾಚೆ ಮಳೆ ನೋಡುತ್ತ ಕುಳಿತರು. ತಮ್ಮ ಕನ್ನಡಿಯಲ್ಲಿ ಅವರನ್ನು ನೋಡಿದ, ಅಳಿಯನ ಪಕ್ಕದಲ್ಲಿದ್ದ ಮಗಳನ್ನು ನೋಡಿದ.

"ನಾನೇ ಒಡೆದಿದ್ದು ಸಾವ್ಕಾರ್ರೆ. ಅಕ್ಕನಿಗೆ ಗೊತ್ತಿಲ್ಲ" ಎಂದುಬಿಟ್ಟ.

ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ. "ಹೋಗ್ಲಿ ಬಿಡಕ್ಕ, ಅಳಿಯನ ಮುಂದೆ ಆ ತಾಯಿ ಹೆಂಗೆ ಹೇಳ್ತಾರೆ? ಆಮ್ಯಾಲೆ ಸಾವ್ಕಾರ್ರಿಗೆ ಹೇಳೇ ಹೇಳ್ತಾರೆ" ಎಂದ. ಮರುದಿನ ನಾಗರಾಜಪ್ಪನವರು ಕೀ ಇಸಿದುಕೊಂಡರು. "ಗಾಜು ಹೋದ್ರೆ ಹೋಗ್ಲಿ. ಶಿವನ ವಿಭೂತಿ ಬಳಿದು ಮೋಸ ಮಾಡಿದ್ಯಲ್ಲೋ, ಇನ್ನು ಬರಬ್ಯಾಡ" ಎಂದರಂತೆ. ಬಾಗಿಲ ಹಿಂದೆ ಅನ್ನಪೂರ್ಣಮ್ಮನ ಬಳೆ ಸದ್ದು ಕೇಳಿಸಿತಂತೆ, ಮಾತು ಕೇಳಿಸಲಿಲ್ಲವಂತೆ.

ಊರಿಗೆಲ್ಲ ಸುದ್ದಿ ಹಬ್ಬಿತು. ಡ್ರೈವರ್ ಕೆಲಸ ಕೇಳಲು ಹೋದಲ್ಲೆಲ್ಲ "ವಿಭೂತಿ ಹಚ್ಚಿ ಮುಚ್ಚಿದವನು ನೀನೇನಾ?" ಎಂದು ಕೇಳುವವರೇ. ಎರಡು ತಿಂಗಳು ಹೀಗೇ ಕಳೆಯಿತು. ಕೊನೆಗೆ ಭರಮಸಾಗರದಲ್ಲಿ ಶಿವಕುಮಾರಪ್ಪ ಎಂಬ ನಿವೃತ್ತ ಮೇಷ್ಟ್ರಿಗೆ ಡ್ರೈವರ್ ಬೇಕೆಂದು ತಿಳಿದು, ಮೊದಲ ಬಸ್ಸಿಗೇ ಇಬ್ಬರೂ ಹೋದೆವು. ಅವರಿಗೂ ಸುದ್ದಿ ಗೊತ್ತಿತ್ತು.

"ನಾನು ಒಡೆದಿಲ್ಲ ಸಾರ್" ಎಂದ ತಮ್ಮ. ಅಷ್ಟು ದಿನದಲ್ಲಿ ಹೊರಗಿನವರ ಮುಂದೆ ಮೊದಲ ಸಲ ಬಾಯಿ ಬಿಟ್ಟಿದ್ದ.

"ಮತ್ತೆ ಯಾಕಪ್ಪ ಒಪ್ಕಂಡೆ?"

ತಮ್ಮ ಫೋನು ತೆಗೆದು, ಸ್ಪೀಕರಿಗೆ ಹಾಕಿ, ಅನ್ನಪೂರ್ಣಮ್ಮನಿಗೆ ಮಾಡಿದ. "ಅಮ್ಮಾರೆ, ನಾನು ಓಬಳೇಶ. ಗಾಜು ಒಡೆದಿದ್ದು ನಾನಲ್ಲ ಅಂತ ಇಲ್ಲೊಬ್ರಿಗೆ ಹೇಳ್ರಿ. ಯಾರು ಅಂತ ಹೇಳಬ್ಯಾಡ್ರಿ. ನಾನಲ್ಲ ಅಂದ್ರೆ ಸಾಕು."

ಆ ಕಡೆ ಬಳೆ ಸದ್ದಾಯಿತು.

"ಅವತ್ತು ನೀನೇ ಒಪ್ಕಂಡಿದ್ಯಲ್ಲಪ್ಪ. ಈಗ್ಯಾಕೆ ಸುಳ್ಳು ಹೇಳ್ತೀಯ?" ಎಂದರು ಆ ತಾಯಿ. ಆಮೇಲೆ ದನಿ ಮೆತ್ತಗಾಯಿತು. "ಚೆನ್ನಾಗಿದೀಯೇನಪ್ಪ? ಊಟ ಆಯ್ತಾ?"

ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ತಮ್ಮ ಕೊಡಲಿಲ್ಲ.

"ಆಯ್ತು ಅಮ್ಮಾರೆ" ಎಂದ. ಬೆಳಗ್ಗೆಯಿಂದ ನಾವಿಬ್ಬರೂ ಏನೂ ತಿಂದಿರಲಿಲ್ಲ.