ಹನ್ನೊಂದು ಜನರ ಟಿಕೆಟ್, ಒಬ್ಬರ ಹೆಸರು

2016ರ ಬೇಸಿಗೆ. ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ನಲ್ಲಿ ಒಂದು ಸಣ್ಣ ಟ್ರಾವೆಲ್ ಏಜೆನ್ಸಿಗೆ ನಾನು ಬುಕಿಂಗ್ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಇಂಡಿಯನ್ ಗ್ರೋಸರಿ ಅಂಗಡಿಯ ಪಕ್ಕದ ಒಂದೇ ಕೋಣೆ. ಒಂದು ಮೇಜು ನನ್ನದು, ಇನ್ನೊಂದು ಮಾಲೀಕರಾದ ಸುಧಾ ಆಂಟಿಯದು. ಬರುವವರೆಲ್ಲ ಹೆಚ್ಚಾಗಿ ಊರಿಗೆ ವಿಮಾನದ ಟಿಕೆಟ್ ಕೇಳುವವರು. ಯುರೋಪಿನ ರೈಲು ಟಿಕೆಟ್ ಬೇಕೆಂದು ನನ್ನ ಮುಂದೆ ಕೂತ ಮೊದಲ ಗುಂಪು ಮಹಾಂತೇಶ್ ಅವರದು.

ಮಹಾಂತೇಶ್ ಧಾರವಾಡದ ಕಡೆಯ ಎಂಜಿನಿಯರ್. ತಂದೆ ಶಿವಪ್ಪನವರು, ತಾಯಿ, ಅವರು, ಹೆಂಡತಿ, ಮಕ್ಕಳು, ಶಾರ್ಲೆಟ್‌ನಲ್ಲಿದ್ದ ತಂಗಿಯ ಸಂಸಾರ, ತಂಗಿಯ ಅತ್ತೆ, ಒಟ್ಟು ಹನ್ನೊಂದು ಜನ. ಪ್ಯಾರಿಸ್‌ನಲ್ಲಿ ನಾಲ್ಕು ದಿನ ಇದ್ದು ರೈಲಿನಲ್ಲಿ ಜ್ಯೂರಿಕ್‌ಗೆ ಹೋಗಿ, ಮರುದಿನ ಮಧ್ಯಾಹ್ನ ಅಲ್ಲಿಂದ ಅಮೆರಿಕಕ್ಕೆ ವಿಮಾನ ಹತ್ತುವುದು ಯೋಜನೆ.

ನಾವು ಕೊಂಡದ್ದು ಆನ್‌ಲೈನ್ ಗ್ರೂಪ್ ಟಿಕೆಟ್. ಹನ್ನೊಂದು ಜನಕ್ಕೂ ಸೇರಿ ಒಂದೇ ಹಾಳೆ, ಒಂದೇ ಬಾರ್‌ಕೋಡ್. ಅದರ ಮೇಲೆ ‘ಲೀಡ್ ಪ್ಯಾಸೆಂಜರ್’ ಎಂದು ಒಬ್ಬರ ಹೆಸರಿರುತ್ತದೆ. ಆ ವ್ಯಕ್ತಿ ಪಾಸ್‌ಪೋರ್ಟ್ ಸಮೇತ ರೈಲಿನಲ್ಲಿ ಇರಲೇಬೇಕು. ಹಣ ಕಟ್ಟಿದ ಮೇಲೆ ಹೆಸರು ಬದಲಾಗದು. ಇದನ್ನೆಲ್ಲ ವಿವರಿಸಿ, ಯಾರ ಹೆಸರು ಹಾಕಲಿ ಎಂದು ಕೇಳಿದೆ.

“ಅಪ್ಪಾರು ಇರೋವಾಗ ನಂದು ಹಾಕ್ತೀರೇನ್ರಿ? ಅಪ್ಪಾರದೇ ಹಾಕ್ರಿ,” ಎಂದರು ಮಹಾಂತೇಶ್. ಮದುವೆಯ ಕರೆಯೋಲೆಯಲ್ಲಿ ಹಿರಿಯರ ಹೆಸರು ಮೊದಲು ಬರುವಷ್ಟೇ ಸಹಜವಾಗಿ ಅದು ತೀರ್ಮಾನವಾಯಿತು.

“ಅವರು ಟ್ರೇನಲ್ಲಿ ಇರಲೇಬೇಕು, ನೆನಪಿರಲಿ.”

“ಇರ್ತಾರ್ರೀ. ಬಿಟ್ಟು ಹೋಗ್ತೀವೇನು?”

ಶಿವಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. “ಹಂಗಾರ ನಾನ ಲೀಡರ್. ಎಲ್ಲಾರೂ ಗದ್ಲಾ ಮಾಡದ ಸಾಲಾಗಿ ಬರ್ರಿ ಮತ್ತ,” ಎಂದರು. ಎಲ್ಲರೂ ನಕ್ಕೆವು.

ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ ಆಫೀಸಿನ ಬಾಗಿಲು ತೆಗೆಯುತ್ತಿದ್ದಂತೆ ಫೋನ್ ಬಂತು. ಪ್ಯಾರಿಸ್‌ನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅವರ ರೈಲು ಸಂಜೆ ಆರೂವರೆಗೆ.

“ಮೇಡಂ, ಅಪ್ಪಾರನ್ನ ಅಡ್ಮಿಟ್ ಮಾಡೇವ್ರಿ. ಬಿಸಿಲಿಗೆ ಪೂರ್ತಿ ಡಿಹೈಡ್ರೇಟ್ ಆಗ್ಯಾರ, ಡ್ರಿಪ್ ಹಚ್ಯಾರ. ಇವತ್ತ ರಾತ್ರಿ ಅಲುಗಾಡಬಾರ್ದಂತ. ನಾನು, ಅವ್ವ ಇಲ್ಲೇ ಇರ್ತೀವಿ. ಉಳಿದ ಎಂಟು ಮಂದಿ ಹೋಗ್ಲಿ. ಟಿಕೆಟ್ ನಡೀತದಲ್ಲ್ರೀ?”

ನನಗೆ ಉತ್ತರ ಗೊತ್ತಿತ್ತು. ಆದರೂ “ವಿಚಾರಿಸಿ ಹೇಳ್ತೀನಿ” ಎಂದೆ.

ರೈಲು ಕಂಪನಿಯ ಸಹಾಯವಾಣಿಯಲ್ಲಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬಾಕೆ ಸಿಕ್ಕಳು. ಬಹಳ ಮೃದುವಾಗಿ ಮಾತನಾಡಿದಳು. ಟಿಕೆಟ್ ಆ ಹಿರಿಯರದು, ಉಳಿದ ಹತ್ತು ಜನ ಅವರ ಜೊತೆಗಾರರು. ಅವರಿಲ್ಲದೆ ಟಿಕೆಟ್ ಇಲ್ಲ ಎಂದಳು. ಆಸ್ಪತ್ರೆಯ ಕಾಗದ ಕಳಿಸುತ್ತೇನೆ ಎಂದೆ. ಅದು ಹಣ ವಾಪಸ್ ಕೇಳಲು ಉಪಯೋಗವಾಗಬಹುದು, ರೈಲು ಹತ್ತಲು ಅಲ್ಲ ಎಂದಳು.

ಹೊಸ ಟಿಕೆಟ್ ಹುಡುಕಿದೆ. ರಜೆಯ ವಾರ, ಆ ಸಂಜೆಯ ರೈಲು ಭರ್ತಿ, ಮರುದಿನ ಬೆಳಗಿನದೂ ಭರ್ತಿ. ರಾತ್ರಿ ಬಸ್ಸಿನಲ್ಲಿ ಎರಡೇ ಸೀಟು, ಜ್ಯೂರಿಕ್‌ನ ವಿಮಾನಗಳಲ್ಲಿ ಮೂರು. ಬಾಡಿಗೆ ಕಾರನ್ನು ಬೇರೆ ದೇಶದಲ್ಲಿ ಬಿಡಲು ಯಾರೂ ಒಪ್ಪಲಿಲ್ಲ. ಒಂದು ದಿನ ತಡವಾದರೆ ಆಗಲಿ ಎನ್ನುವಂತೆಯೂ ಇರಲಿಲ್ಲ. ದೊಡ್ಡವರೆಲ್ಲರದೂ ಇಂಡಿಯನ್ ಪಾಸ್‌ಪೋರ್ಟ್. ಯುರೋಪಿನ ವೀಸಾ ಶುಕ್ರವಾರಕ್ಕೇ ಮುಗಿಯುತ್ತಿತ್ತು. ಆಸ್ಪತ್ರೆಯಲ್ಲಿರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ವಿನಾಯಿತಿ ಕೇಳಬಹುದು. ಉಳಿದವರು ಯಾವ ಕಾರಣ ಹೇಳುವುದು?

ಪರದೆಯ ಮೇಲೆ ಮಾತ್ರ ಆ ಟಿಕೆಟ್ ಹಸಿರು ಬಣ್ಣದಲ್ಲಿ ‘ಕನ್ಫರ್ಮ್ಡ್’ ಎಂದೇ ತೋರಿಸುತ್ತಿತ್ತು.

ಸುಧಾ ಆಂಟಿ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. “ಇನ್ನೂ ಎಷ್ಟು ಹೊತ್ತು ಸರ್ಚ್ ಮಾಡ್ತೀಯ? ಫೋನ್ ಮಾಡಿ ಹೇಳ್ಬಿಡು. ಇಲ್ಲ ಅನ್ನೋದನ್ನೂ ಬೇಗ ಹೇಳ್ಬೇಕು ಕಣೇ.”

ಹೇಳಿದೆ. ಆ ಕಡೆ ಮಹಾಂತೇಶ್ ಅದನ್ನೇ ತಂದೆಗೆ ಹೇಳುವುದು ಕೇಳಿಸಿತು. ಫೋನ್ ಕೈ ಬದಲಾಯಿತು.

“ಯಾಕವಾ ತಂಗಿ, ನಾ ಬರಲಿಲ್ಲಂದ್ರ ಇವರಿಗೆ ಹತ್ತಾಕ ಬಿಡಂಗಿಲ್ಲೇನು?”

“ರೂಲ್ ಹಾಗಿದೆ ಅಂಕಲ್. ಆದ್ರೆ ನೀವು ಏಳ್ಬೇಡಿ, ಪ್ಲೀಸ್.”

“ರೂಲ್ ಅಂದ ಮ್ಯಾಲೆ ರೂಲ್. ನಾನೂ ಮೂವತ್ತು ವರ್ಷ ನೀರಾವರಿ ಆಫೀಸಿನ್ಯಾಗ ಮಂದಿಗೆ ಇದನ್ನ ಹೇಳೇನಿ.” ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಫೋನ್ ಇಟ್ಟರು.

ಆಮೇಲೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಮಹಾಂತೇಶ್ ಫೋನ್ ಎತ್ತಲಿಲ್ಲ. ಅಂಗಡಿಗೆ ಬಂದ ಬೇರೆ ಇಬ್ಬರು ಗಿರಾಕಿಗಳಿಗೆ ಬೆಂಗಳೂರಿನ ಟಿಕೆಟ್ ಮಾಡಿಕೊಟ್ಟೆ. ಎರಡೂ ಸಲ ಹೆಸರುಗಳನ್ನು ಮತ್ತೆ ಮತ್ತೆ ಓದಿದೆ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಜ್ಯೂರಿಕ್‌ನಿಂದ ಮಹಾಂತೇಶ್ ಕರೆ ಮಾಡಿದರು. ವೈದ್ಯರು ಬೇಡವೆಂದರೂ ಶಿವಪ್ಪನವರು ಸಹಿ ಮಾಡಿ ಆಸ್ಪತ್ರೆಯಿಂದ ಹೊರಬಂದಿದ್ದರು. ವೀಲ್‌ಚೇರಿನಲ್ಲಿ ಕೂರಿಸಿ ರೈಲು ಹತ್ತಿಸಿದ್ದರು.

“ಚೆಕ್ ಮಾಡೋರು ಬಂದ್ರಾ?” ಎಂದೆ.

“ಬಂದಿದ್ನ್ರಿ. ಫೋನಿನ್ಯಾಗಿನ ಟಿಕೆಟ್ ಸ್ಕ್ಯಾನ್ ಮಾಡಿದ. ಅಪ್ಪಾರು ಪಾಸ್‌ಪೋರ್ಟ್ ಕೈಯಾಗ ಹಿಡಕೊಂಡು ಹಂಗ ನಿದ್ದಿ ಹೋಗಿದ್ರು. ಎಬ್ಬಸಬ್ಯಾಡ್ರಿ ಅಂತ ಸನ್ನಿ ಮಾಡಿ ಮುಂದ ಹೋದ. ಯಾರ ಹೆಸರೂ ಕೇಳಲಿಲ್ರಿ.”

ಅವರಿಲ್ಲದಿದ್ದರೂ ಅವನು ಕೇಳುತ್ತಿರಲಿಲ್ಲವೇನೋ. ಕೇಳುತ್ತಿದ್ದನೇನೋ. ಅದನ್ನು ತಿಳಿಯುವ ದಾರಿ ನನಗೆ ಇಂದಿಗೂ ಇಲ್ಲ.

ಆ ರಾತ್ರಿಯೇ ಅವರನ್ನು ಜ್ಯೂರಿಕ್‌ನಲ್ಲಿ ಮತ್ತೆ ಆಸ್ಪತ್ರೆಗೆ ಸೇರಿಸಿದರು. ಎಂಟು ಜನ ಮರುದಿನ ವಿಮಾನ ಹತ್ತಿದರು. ತಂದೆ, ತಾಯಿ, ಮಗ ಐದು ದಿನ ಅಲ್ಲೇ ಉಳಿದರು.

ಈ ಕೆಲಸ ನನಗೆ ಕಲಿಸಿದ್ದು ಒಂದು ಪ್ರಶ್ನೆ. ಗುಂಪಿನಲ್ಲಿ ಹಿರಿಯರು ಯಾರೆಂದು ಈಗ ನಾನು ಕೇಳುವುದಿಲ್ಲ. ಟಿಕೆಟ್‌ನಲ್ಲಿ ಹೆಸರಿರುವವರಿಗೆ ಕಾಯಿಲೆ ಬಂದರೆ ಉಳಿದವರೂ ನಿಂತುಬಿಡುತ್ತಾರೆ, ಅದಕ್ಕೆ ಯಾರು ತಯಾರಿದ್ದೀರಿ ಎಂದು ಕೇಳುತ್ತೇನೆ. ಮೊದಲ ಸಲ ಹಾಗೆ ಕೇಳಿದ್ದು ಸೆಪ್ಟೆಂಬರಿನಲ್ಲಿ, ಅದೇ ಕುಟುಂಬವನ್ನು. ವಾಷಿಂಗ್ಟನ್‌ಗೆ ಆರು ಜನರ ರೈಲು ಟಿಕೆಟ್ ಬೇಕಿತ್ತು. ಮಹಾಂತೇಶ್ ತಂದೆಯ ಕಡೆ ತಿರುಗಿದರು.

ಶಿವಪ್ಪನವರು ತುಂಬ ಇಳಿದುಹೋಗಿದ್ದರು. ಷರ್ಟಿನ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು.

“ಬ್ಯಾಡವಾ ತಂಗಿ,” ಎಂದರು. “ನನ್ನ ಹೆಸರು ಕಡೀಕ ಹಾಕು. ಮುಂದ ಹಾಕಿದ್ರ ಮಲಗಾಕ ಬಿಡಂಗಿಲ್ಲ.”